ಬಿಸಿಲಿನ ಪೆಟ್ಟಿಗೆ

"ಅಕ್ಕಾ, ತೆಗೀಬೇಡ!" ಎಂದು ತಂಗಿ ಕೂಗುವಷ್ಟರಲ್ಲಿ ಅಕ್ಕ ಮರದ ಹಿಡಿ ಹಿಡಿದು ಗಾಜಿನ ಮುಚ್ಚಳ ಎತ್ತಿ, ಮೂಗು ಮುಂದೆ ಮಾಡಿ ನಿಂತಾಗಿತ್ತು. ಅರ್ಧ ಗಂಟೆಯಿಂದ ಪೆಟ್ಟಿಗೆ ಜೋಪಾನವಾಗಿ ಕೂಡಿಟ್ಟುಕೊಂಡಿದ್ದ ಬಿಸಿಯೆಲ್ಲ ಒಂದೇ ಉಸಿರಿಗೆ ಹೊರಟು ತಾರಸಿಯ ಗಾಳಿಯಲ್ಲಿ ಕಳೆದುಹೋಯಿತು. ಒಳಗಿನ ಕಪ್ಪು ತಟ್ಟೆಯಲ್ಲಿ ಆರು ಬ್ರೆಡ್ಡಿನ ಹೋಳು, ಹೋಳಿನ ಮೇಲೆ ಟೊಮೆಟೊ ಬಿಲ್ಲೆ, ಬಿಲ್ಲೆಯ ಮೇಲೆ ತುರಿದ ಚೀಸು. ಎಲ್ಲವೂ ಇಟ್ಟದ್ದು ಇಟ್ಟ ಹಾಗೇ ಇತ್ತು.

"ಇದು ಐದನೇ ಸಲ," ಎಂದಳು ತಂಗಿ.

"ಅಡುಗೆ ಮಾಡೋಳು ನೋಡದೆ ಹೇಗೆ ಇರ್ತಾಳೆ? ಬೇಯ್ತಾ ಇದೆಯೋ ಇಲ್ವೋ ಅದೇ ಬಂದು ಹೇಳುತ್ತಾ?"

ಗಾಜಿನಂಚಿಗೆ ಪಟ್ಟಿ ಅಂಟಿಸಲು ಬಂದಿದ್ದ ಕೆಳಗಿನ ಗಾಜಿನಂಗಡಿಯವನು ಕೆಲಸ ಮುಗಿದರೂ ಹೋಗಿರಲಿಲ್ಲ. "ಅಲ್ಲಾ ಅಕ್ಕಾ, ಮಲಗಿರೋ ಮಗುನ ಎಬ್ಬಿಸಿ, ನಿದ್ದೆ ಬಂತಾ ಕಂದಾ ಅಂತ ಕೇಳಿದ ಹಾಗಾಯ್ತಲ್ಲ ಇದು!" ಎಂದು ನಕ್ಕ. ಅಕ್ಕ ಮುಚ್ಚಳವನ್ನು ಟಪ್ಪೆಂದು ಹಾಕಿ, "ನೀನು ನಿನ್ನ ಗಾಜು ನೋಡ್ಕೊಳಪ್ಪ," ಎಂದಳು.

ಬೈದರೂ ಸರಿಯೇ ಎನಿಸಿತು ತಂಗಿಗೆ. ಅಕ್ಕ ಯಾರನ್ನಾದರೂ ಬೈದು ಏಳು ತಿಂಗಳಾಗಿತ್ತು.

ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯನ್ನು ಒಬ್ಬಳೇ ಆಳಿದವಳು ಅಕ್ಕ. ಒಂದು ಬೆಳಿಗ್ಗೆ ದೊಡ್ಡ ಒಲೆ ಹಚ್ಚುವಾಗ ಬೆಂಕಿ ಭಗ್ಗೆಂದು ಎದ್ದು ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಸುಟ್ಟಿತ್ತು. ಗಾಯ ಮಾಯಿತು, ನುಣುಪಾದ ಹೊಸ ಚರ್ಮ ಬಂತು. ಬೆರಳೆಲ್ಲ ಮೊದಲಿನ ಹಾಗೇ ಮಡಚುತ್ತವೆ ಎಂದು ಡಾಕ್ಟರು ಒಂದೊಂದಾಗಿ ಮಡಚಿ ತೋರಿಸಿ ಕಳಿಸಿದರು. ಆದರೆ ಪಕ್ಕದ ಮನೆಯಲ್ಲಿ ಯಾರೋ ಕಡ್ಡಿ ಗೀರಿದರೂ ಅಕ್ಕ ಕೂತಲ್ಲಿಂದ ಎದ್ದು ಒಳಕೋಣೆಗೆ ಹೋಗುತ್ತಿದ್ದಳು. ಕರೆಂಟಿನ ಒಲೆಯ ಸುರುಳಿ ಕೆಂಪಾದರೂ ಅಷ್ಟೇ. ಬಿಸಿ ಪಾತ್ರೆಯನ್ನು ಬಟ್ಟೆ ಹಿಡಿದೂ ಮುಟ್ಟುತ್ತಿರಲಿಲ್ಲ.

ಅಡುಗೆ ತಂಗಿಯ ಪಾಲಿಗೆ ಬಂತು. ಅವಳು ಹೊಲಿಗೆಯವಳು. ಸೂಜಿ ಒಲಿದಷ್ಟು ಸೌಟು ಅವಳಿಗೆ ಒಲಿದಿರಲಿಲ್ಲ. ಮುಂಚೆಯಾಗಿದ್ದರೆ ಬಾಗಿಲಲ್ಲೇ ನಿಂತು, "ಉಪ್ಪು ಹೆಚ್ಚಾಯ್ತಲ್ಲೇ ಮಾರಾಯ್ತಿ," ಎನ್ನುತ್ತಿದ್ದ ಅಕ್ಕ ಈಗ ತಲೆ ತಗ್ಗಿಸಿ ಹಾಕಿದ್ದನ್ನು ಉಣ್ಣುತ್ತಿದ್ದಳು.

ಬೆಂಕಿಯಿಲ್ಲದ ಒಲೆಯೊಂದಿದೆ ಎಂದು ತಂಗಿಗೆ ತಿಳಿದದ್ದು ಬಟ್ಟೆ ಹೊಲಿಸಲು ಬಂದ ವಿಜ್ಞಾನದ ಟೀಚರಿಂದ. ಅಳತೆ ಕೊಡುತ್ತ ನಿಂತ ಟೀಚರು ವಿವರಿಸಿದಂತೆಲ್ಲ ತಂಗಿ ಸೀಮೆಸುಣ್ಣದಲ್ಲಿ ಕತ್ತರಿಸುವ ಮೇಜಿನ ಮೇಲೇ ನಕ್ಷೆ ಬರೆದುಕೊಂಡಳು. ದೊಡ್ಡ ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆ, ನಡುವೆ ಬಿಸಿ ಸೋರದಂತೆ ಏನಾದರೂ ತುಂಬಬೇಕು. ಅವಳ ಬಳಿ ತುಂಬಲು ಚಿಂದಿಗೇನು ಬರ? ಎಷ್ಟೋ ಜನರ ಅಂಗಿ, ಲಂಗಗಳ ಅಂಚುಗಳನ್ನು ಒತ್ತಿ ಒತ್ತಿ ತುಂಬಿದಳು. ಒಳಗೆ ಕಪ್ಪು ಬಣ್ಣ, ಮೇಲೆ ಗಾಜು, ಹಿಂದೆ ಬಿಸಿಲನ್ನು ಒಳಕ್ಕೆ ಎರಚಲು ಬೆಳ್ಳಿಹಾಳೆ ಅಂಟಿಸಿದ ರಟ್ಟು. ಮೊದಲ ದಿನ ಅದನ್ನು ನೋಡಿ ಅಕ್ಕ, "ಇದರಲ್ಲಿ ಅಡುಗೆ ಆಗುತ್ತೋ, ಬಟ್ಟೆ ಒಣಗುತ್ತೋ?" ಎಂದಿದ್ದಳು. ಎಂದವಳು ಮಾರನೆಯ ದಿನ ತಾನಾಗಿಯೇ ಚೀಸು ತುರಿದಳು. ಸಣ್ಣಗೆ, ಒಂದೇ ಸಮನಾಗಿ, ಹತ್ತಿ ಬಿಡಿಸಿದ ಹಾಗೆ. ತಂಗಿ ಹೊಲಿಗೆ ಬಿಟ್ಟು ಆ ಕೈಯನ್ನೇ ನೋಡಿದಳು.

ಇದಕ್ಕೆಲ್ಲ ಗಡುವೊಂದಿತ್ತು. ಶಾಲೆಯ ಹೆಡ್‌ಮೇಡಂ ಫೋನು ಮಾಡಿದ್ದರು. "ಶನಿವಾರ ಮಧ್ಯಾಹ್ನ ನಾನೇ ಬರ್ತೀನಮ್ಮ. ಅಕ್ಕ ಬರ್ತಾರೋ ಇಲ್ವೋ ಅವತ್ತು ಹೇಳಿಬಿಡ್ಲಿ. ಏಳು ತಿಂಗಳು ಕಾದೆ. ಇನ್ನು ಕಾಯೋಕೆ ಮೇಲಿನವರು ಬಿಡಲ್ಲ, ಸೋಮವಾರ ಬೇರೆಯವರನ್ನ ನೇಮಿಸಬೇಕು."

ಆ ಮಾತನ್ನು ತಂಗಿ ಮುಟ್ಟಿಸಿದಾಗ ಅಕ್ಕ ತನ್ನ ಕೈಗಳನ್ನು ಮಗುಚಿ ನೋಡಿಕೊಂಡಿದ್ದಳು. "ಏನಂತ ಹೇಳಲಿ? ಬಿಸಿ ತಟ್ಟೆ ಮುಟ್ಟೋಕಾಗದ ಅಡುಗೆಯವಳು ಬೇಕಾ ಅಂತ ಕೇಳಲಾ?"

ಐದು ಸಲ ಮುಚ್ಚಳ ತೆಗೆದ ಆ ಸೋಮವಾರ ಸಂಜೆಯವರೆಗೂ ಚೀಸು ಕರಗಲಿಲ್ಲ. ಮಂಗಳವಾರ ತಂಗಿ ಒಂದು ಉಪಾಯ ಹೇಳಿದಳು. "ಕೈ ಸುಮ್ನಿರಲ್ಲ ಅಂದ್ರೆ ಬಾಯಿಗೆ ಕೆಲಸ ಕೊಡು. ಪದ್ಯ ಹೇಳು."

ಅಕ್ಕ ಮುಖ ತಿರುಗಿಸಿದಳು. ಪದ್ಯ ಅಪ್ಪನಿಂದ ಬಂದದ್ದು. ಅಪ್ಪ ದಿನಾ ಸಂಜೆ ಕೈಕಾಲು ತೊಳೆದು ಕೂತು ಹಳೆಯ ಕಾವ್ಯ ರಾಗವಾಗಿ ಓದುತ್ತಿದ್ದರು. ಅರ್ಥ ನಿಧಾನಕ್ಕೆ ಬರುತ್ತೆ, ಮೊದಲು ಕಿವಿಗೆ ಬೀಳಲಿ ಎಂದು ಇಬ್ಬರನ್ನೂ ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ತಂಗಿಗೆ ರಾಗ ಮಾತ್ರ ಉಳಿಯಿತು, ಅಕ್ಕನಿಗೆ ನೂರಾರು ಪದ್ಯ ಬಾಯಿಗೆ ಬಂತು. ಶಾಲೆಯ ಅಡುಗೆಮನೆಯಲ್ಲಿ ಅವಳಿಗೆ ಗಡಿಯಾರವೇ ಬೇಕಿರಲಿಲ್ಲ. ಮೊಟ್ಟೆಗೆ ಇಪ್ಪತ್ತೈದು ಪದ್ಯ, ಆಲೂಗಡ್ಡೆಗೆ ಅರವತ್ತು. ಒಲೆಯ ಮುಂದೆ ದೇವರ ಮುಂದೆ ನಿಂತಂತೆ ನಿಂತು ಹೇಳುತ್ತಿದ್ದಳು. ಸುಟ್ಟ ದಿನದಿಂದ ಒಂದು ಸಾಲೂ ಬಾಯಿಂದ ಬಂದಿರಲಿಲ್ಲ.

ಆದರೂ ಅಕ್ಕ ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿದಳು. ಮೊದಲ ಪದ್ಯ ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು. ಹತ್ತನೆಯದಕ್ಕೆ ಗಂಟಲು ಹದಕ್ಕೆ ಬಂತು. ಇಪ್ಪತ್ತಕ್ಕೆ ಪೆಟ್ಟಿಗೆಯನ್ನು ಒಂದಿಷ್ಟು ಸೂರ್ಯನ ಕಡೆ ತಿರುಗಿಸು ಎಂದು ಗಲ್ಲದಿಂದಲೇ ಸನ್ನೆ ಮಾಡಿದಳು, ಪದ್ಯ ನಿಲ್ಲಿಸಲಿಲ್ಲ. ಐವತ್ತರ ಹೊತ್ತಿಗೆ ಗಾಜಿನ ಒಳಗೆ ಚೀಸಿನ ಎಳೆಗಳು ಒಂದರ ಮೇಲೊಂದು ಒರಗಿ ನಿದ್ದೆಹೋದಂತೆ ಸಡಿಲಾದವು. ಅರವತ್ತೆರಡನೆಯ ಪದ್ಯ ಮುಗಿಸಿ, ಕಣ್ಣು ತೆರೆಯದೆಯೇ, "ತೆಗಿ," ಎಂದಳು ಅಕ್ಕ.

ತಂಗಿ ಬಟ್ಟೆ ಹಿಡಿದು ತಟ್ಟೆ ಹೊರತೆಗೆದಳು. ಚೀಸು ಟೊಮೆಟೊವನ್ನು ಮೆತ್ತಗೆ ತಬ್ಬಿಕೊಂಡಿತ್ತು. ಬ್ರೆಡ್ಡಿನ ತಳ ಗರಿಗರಿ, ನಡು ಮೃದು. ಎಲ್ಲೂ ಕಪ್ಪಿಲ್ಲ, ಎಲ್ಲೂ ಹಸಿಯಿಲ್ಲ. ಕಚ್ಚಿದಾಗ ಬೆಚ್ಚಗಿನ ಟೊಮೆಟೊ ರಸ ನಾಲಿಗೆಗೆ ಇಳಿಯಿತು. ಗಾಜಿನ ಆಚೆ ಕಣ್ಣು ಮುಚ್ಚಿ ಕೂತವಳಿಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು ಎಂದು ಬೆರಗಾಗುತ್ತ ತಂಗಿ ಇನ್ನೊಮ್ಮೆ ಕಚ್ಚಿದಳು.

"ಮೆಣಸು ಬೇಕಿತ್ತು," ಎಂದಳು ಅಕ್ಕ.

ಬುಧವಾರ ಎಲ್ಲ ಕೆಟ್ಟಿತು. ಕೆಳಗೆ ಗಿರಾಕಿಯೊಬ್ಬಳು ಕೊರಳಪಟ್ಟಿ ಸರಿಯಿಲ್ಲವೆಂದು ಜಗಳಕ್ಕೆ ನಿಂತಿದ್ದಳು. "ಆಯ್ತು ಬಾರೇ, ತೆಗೀಬೇಕು!" ಎಂದು ಅಕ್ಕ ಮೇಲಿಂದ ಮೂರು ಸಲ ಕೂಗಿದ್ದು ಕೇಳಿದರೂ ತಂಗಿಗೆ ಬಿಡಿಸಿಕೊಂಡು ಬರಲಾಗಲಿಲ್ಲ. ಓಡಿಬಂದಾಗ ಅಕ್ಕ ಮುಚ್ಚಳ ತೆಗೆದಿಟ್ಟು, ತಟ್ಟೆಯಿಂದ ಒಂದು ಗೇಣು ದೂರದಲ್ಲಿ ಕೈಗಳನ್ನು ಹಿಡಿದು ನಿಂತಿದ್ದಳು. ಕೈ ಮುಂದೆ ಹೋಗಿರಲಿಲ್ಲ. ಮೂಗಿಗಿಲ್ಲದ ಭಯ ಕೈಗಿತ್ತು. ಚೀಸು ಎಣ್ಣೆ ಬಿಟ್ಟು ರಬ್ಬರಿನಂತೆ ಬಿಗಿದಿತ್ತು.

"ಹೋಗ್ಲಿ ಬಿಡಕ್ಕ, ತಿನ್ನಬಹುದು."

"ಹಸಿವಾದವರು ಏನು ಬೇಕಾದ್ರೂ ತಿಂತಾರೆ. ಅದಕ್ಕೆ ಅಡುಗೆ ಅಂತಾರಾ?" ಎಂದು ಅಕ್ಕ ಪೆಟ್ಟಿಗೆಗೆ ಬೆನ್ನು ಹಾಕಿ ಕೆಳಗಿಳಿದಳು.

ಗುರುವಾರ, ಶುಕ್ರವಾರ ಮೋಡ. ಶನಿವಾರ ಮಾತ್ರ ತೊಳೆದಿಟ್ಟ ಗಾಜಿನಂಥ ಆಕಾಶ. ಅಕ್ಕ ಬೆಳಿಗ್ಗೆಯೇ ಮಿಂದು, ಪೆಟ್ಟಿಗೆಯನ್ನು ಹನ್ನೊಂದಕ್ಕೇ ಬಿಸಿಲಿಗಿಡಿಸಿ, ಒಂದೊಂದು ಹೋಳಿನ ಮೇಲೂ ಚಿಟಿಕೆ ಮೆಣಸು ಉದುರಿಸಿದಳು. ಬಂದವರಿಗೆ ತಿನ್ನಲು ಕೊಡುವುದಷ್ಟೇ, ಆಮೇಲೆ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದಿದ್ದಳು. ತಂಗಿ ವಾದಿಸಲಿಲ್ಲ. ತಟ್ಟೆಯನ್ನು ಒಳಗಿಟ್ಟು, ಮುಚ್ಚಿ, ಹಿಡಿಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. ಅಕ್ಕ ಪದ್ಯ ಶುರು ಮಾಡಿದಳು.

ನಲವತ್ತನೆಯ ಪದ್ಯಕ್ಕೆ ಕೆಳಗಿನಿಂದ ಗಾಜಿನಂಗಡಿಯವನ ದನಿ ಬಂತು. "ಮೇಡಂ ಬಂದ್ರು! ಮಂಡಿನೋವಂತೆ, ಒಬ್ರು ಕೈ ಹಿಡೀಬೇಕಂತೆ!"

ನಾಲ್ಕು ಮಹಡಿ. ತಂಗಿ ದಡದಡನೆ ಇಳಿದಳು. ಏರುವಾಗ ಆ ವೇಗ ಎಲ್ಲಿ ಬರಬೇಕು? ಹೆಡ್‌ಮೇಡಂ ಎರಡು ಮೆಟ್ಟಿಲಿಗೊಮ್ಮೆ ನಿಂತು, "ಅಯ್ಯೋ ದೇವ್ರೇ, ಇದೇನು ಮನೆನಾ ಗೋಪುರನಾ?" ಎನ್ನುತ್ತಿದ್ದರು. ಮೇಲಿನಿಂದ ಪದ್ಯ ಮೆಟ್ಟಿಲಸಾಲಿನ ಉದ್ದಕ್ಕೂ ಇಳಿದು ಬರುತ್ತಿತ್ತು. ಅವರೂ ಕಿವಿಗೊಟ್ಟರು. "ಇದು ನಮ್ಮ ಅಡುಗೆಮನೆ ದನಿ," ಎಂದರು ಮೆಲ್ಲಗೆ. ತಂಗಿ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಐವತ್ತೇಳು. ಐವತ್ತೆಂಟು. ಇನ್ನೂ ಒಂದೂವರೆ ಮಹಡಿ ಬಾಕಿ, ಹಿಡಿಬಟ್ಟೆ ತನ್ನ ಹೆಗಲ ಮೇಲೆ. ತೋಳಿಗೆ ಜೋತುಬಿದ್ದ ಹಿರಿಯರನ್ನು ಅಲ್ಲೇ ಬಿಟ್ಟು ಓಡುವ ಹಾಗಿಲ್ಲ.

ಐವತ್ತೊಂಬತ್ತನೆಯ ಪದ್ಯ ನಡುವಿನಲ್ಲೇ ನಿಂತಿತು.

ಆ ನಿಶ್ಶಬ್ದದಲ್ಲಿ ಮುಚ್ಚಳ ಸರಿದ ಸಪ್ಪಳ ಕೇಳಿಸಿತು. ಅಕ್ಕ ಕೂಗಲಿಲ್ಲ. "ಮೇಡಂ, ಒಂದು ನಿಮಿಷ, ಕಂಬಿ ಹಿಡ್ಕೊಳಿ," ಎಂದು ತಂಗಿ ಕೈ ಬಿಡಿಸಿಕೊಂಡು ಎರಡೆರಡು ಮೆಟ್ಟಿಲು ಹಾರಿದಳು. ತಾರಸಿಯ ಬಾಗಿಲಿಗೆ ಬಂದವಳು ಹಾಗೇ ನಿಂತುಬಿಟ್ಟಳು.

ಅಕ್ಕ ಪೆಟ್ಟಿಗೆಯ ಮೇಲೆ ಬಗ್ಗಿದ್ದಳು. ಮುಖದಲ್ಲಿ ಹೆದರಿಕೆ ಇರಲಿಲ್ಲವೆಂದಲ್ಲ. ತುಟಿ ಬಿಳಿಚಿತ್ತು, ಹಣೆಯಲ್ಲಿ ಬೆವರಿತ್ತು. ಆದರೆ ಕಣ್ಣು ಹೆದರಿಕೆಯ ಕಡೆ ನೋಡುತ್ತಿರಲಿಲ್ಲ, ಚೀಸನ್ನು ನೋಡುತ್ತಿತ್ತು. ಎರಡೂ ಬರಿಗೈ ಒಳಗೆ ಹೋದವು. ಪಳಗಿದ ಅಡುಗೆಯವರು ಹಿಡಿಯುವ ಹಾಗೆ ಅಂಚನ್ನು ಬೆರಳ ತುದಿಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಎರಡೇ ಹೆಜ್ಜೆ ಇಟ್ಟಳು. ತಟ್ಟೆ ಗೋಡೆಕಟ್ಟೆಯ ಮೇಲಿತ್ತು. ಒಂದು ಹೋಳೂ ಜಾರಿರಲಿಲ್ಲ.

ಅಕ್ಕ ಬೆರಳುಗಳನ್ನು ಕಿವಿಯ ಹಾಲೆಗೆ ಒತ್ತಿಕೊಂಡು ತಿರುಗಿದಳು. ಬಾಗಿಲಲ್ಲಿದ್ದ ತಂಗಿಯನ್ನು ನೋಡಿ, "ಏನು ಗೊಂಬೆ ಥರ ನಿಂತಿದ್ದೀ? ಅವರನ್ನ ಮೆಟ್ಟಿಲ ಮೇಲೆ ಬಿಟ್ಟು ಬಂದ್ಯಾ? ಆರಿಹೋಗೋ ಮುಂಚೆ ಕರ್ಕೊಂಡು ಬಾ," ಎಂದಳು.

ಹೆಡ್‌ಮೇಡಂ ಸ್ಟೂಲಿನ ಮೇಲೆ ಕುಸಿದು, ಏದುಸಿರು ನಿಲ್ಲುವ ಮೊದಲೇ ಒಂದು ಹೋಳು ಬಾಯಿಗಿಟ್ಟರು. ಚೀಸಿನ ಎಳೆ ತುಟಿಯಿಂದ ಗಲ್ಲದವರೆಗೆ ಇಳಿಬಿತ್ತು.

"ಊದಿಕೊಂಡು ತಿನ್ನಿ ಮೇಡಂ. ಮಕ್ಕಳಿಗೆ ನೀವೇ ಹೇಳ್ತಿದ್ರಲ್ಲ," ಎಂದಳು ಅಕ್ಕ.

"ಸುಮ್ನಿರು," ಎಂದ ಅವರು ಎಳೆಯನ್ನು ಬೆರಳಿಗೆ ಸುತ್ತಿ ಬಾಯಿಗೆ ಹಾಕಿಕೊಂಡರು. ಕೇಳದೆಯೇ ಇನ್ನೊಂದು ಹೋಳು ತೆಗೆದರು. ಅದು ಮುಗಿಯುವವರೆಗೂ ಬಂದ ವಿಷಯ ಎತ್ತಲಿಲ್ಲ.

ಕೊನೆಗೆ ಅಕ್ಕನೇ ಕೇಳಿದಳು. "ಈಗ ಊಟಕ್ಕೆ ಎಷ್ಟು ಜನ ಮಕ್ಕಳು?"

"ನೂರ ಹದಿನೆಂಟು. ಅದರಲ್ಲಿ ನಲವತ್ತು ಜನ ತಟ್ಟೆ ಹಾಗೇ ವಾಪಸ್ ಕೊಡ್ತಾರೆ."

"ವಾಪಸ್ಸಾ?" ಅಕ್ಕನ ಹುಬ್ಬು ಗಂಟಿಕ್ಕಿತು. ಯಾರೋ ತನ್ನ ಮನೆತನದ ಬಗ್ಗೆ ಹಗುರವಾಗಿ ಆಡಿದಂತೆ ನೆಟ್ಟಗಾದಳು. ಕೆಂಪಾದ ಬೆರಳ ತುದಿಗಳನ್ನು ನೋಡಿದಳು, ಒಂದು ಸಲ ಮಡಚಿ ಬಿಡಿಸಿದಳು. "ಒಲೆ ನಾನು ಹಚ್ಚಲ್ಲ ಮೇಡಂ. ಈಗಲೇ ಹೇಳಿದೀನಿ. ಹಚ್ಚೋಕೆ ಬೇರೆ ಯಾರನ್ನಾದ್ರೂ ಇಡಿ. ಹತ್ತಿದ ಮೇಲೆ ಉಳಿದದ್ದು ನನಗೆ ಬಿಡಿ."

"ಹಚ್ಚೋಕೆ ನಾನೇ ಬರ್ತೀನಿ," ಎಂದರು ಹೆಡ್‌ಮೇಡಂ, ಮೂರನೆಯ ಹೋಳಿಗೆ ಕೈ ಚಾಚುತ್ತ.

ಆಮೇಲೆ ಇಬ್ಬರೂ ಮಕ್ಕಳ ಮಾತಿಗೆ ಬಿದ್ದರು. ಯಾರು ಈರುಳ್ಳಿ ಹೆಕ್ಕಿ ಬಿಸಾಡುತ್ತಾರೆ, ಯಾರು ಎರಡನೇ ಸಲ ಬಡಿಸಿಕೊಂಡು ಬಿಡುತ್ತಾರೆ. ತಂಗಿ ಕುಡಿಯುವ ನೀರು ತರಲು ಹೊರಟಳು. ಮುಚ್ಚಳ ಹಾಕಬೇಕೆಂದು ಯಾರಿಗೂ ನೆನಪಾಗಿರಲಿಲ್ಲ, ದಾಟಿ ಹೋಗುತ್ತ ಅವಳೇ ಮುಚ್ಚಿದಳು. ಖಾಲಿ ಪೆಟ್ಟಿಗೆಯ ಕಪ್ಪು ತಳದಲ್ಲಿ ಉದುರಿದ್ದ ಚೀಸಿನ ಒಂದೇ ಒಂದು ಎಳೆ ಬಿಸಿಲಿಗೆ ತನ್ನಷ್ಟಕ್ಕೆ ತಾನು ಮೆಲ್ಲಗೆ ಹೊಂಬಣ್ಣಕ್ಕೆ ತಿರುಗುತ್ತಿತ್ತು.