ಮೆಂಬರ ಸಾಹೇಬರ ಮಣ್ಣು

ಯಾರೋ ಬಳಿದಿದ್ದ ವಿಭೂತಿಯನ್ನು ಕಾಶೆವ್ವ ಸೆರಗಿನ ತುದಿಯಿಂದ ಒರೆಸಿ, ತನ್ನ ಮೂರು ಬೆರಳಿನಿಂದ ಗಂಡನ ಹಣೆಗೆ ಮತ್ತೆ ಎಳೆದಳು. ಗೋಡೆಗೆ ಆನಿಸಿ ಕೂಡಿಸಿದ್ದ ಗುರುಲಿಂಗಪ್ಪನ ತಲೆ ತುಸು ವಾಲಿತು. ಗದ್ದಕ್ಕೆ ಕೈಕೊಟ್ಟು ನೆಟ್ಟಗೆ ಮಾಡಿದಳು. ಅಷ್ಟರಲ್ಲಿ ಮೂಡಲಗಿ ಕಡೆಯ ಮುದುಕನೊಬ್ಬ ಕಾಲಿಗೆ ಬಿದ್ದು ಎದ್ದು, ತನ್ನ ಅಂಗೈಯ ವಿಭೂತಿಯನ್ನು ಅದೇ ಹಣೆಗೆ ಮೆತ್ತಿಬಿಟ್ಟ.

“ನಮ್ಮಪ್ಪಾ, ನಡುನೀರಾಗ ಕೈಬಿಟ್ಟ ಹೋದೆಲ್ಲೊ!”

ಕಾಶೆವ್ವ ಮತ್ತೆ ಸೆರಗು ಹಿಡಿದಳು. ನಾದಿನಿ ದುಂಡವ್ವ ಅವಳ ಮೊಣಕೈ ಜಗ್ಗಿದಳು.

“ಬಿಡ ವೈನಿ. ಎಷ್ಟ ಮಂದೀದಂತ ಒರಸ್ತಿ?”

“ಅವರ ಹಣಿ ಏನ್ ಚಾವಡಿ ಗ್ವಾಡಿ ಏನ? ಬಂದವರೆಲ್ಲಾ ಸುಣ್ಣಾ ಬಳ್ಯಾಕ?”

ಮೇಲವಂಕಿಯ ಆ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುಲಿಂಗಪ್ಪ ಮುಂಬಯಿಯ ಕಾಯದೆ ಸಭೆಗೆ ಆರಿಸಿ ಹೋಗಿ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಜಿಲ್ಲಾ ಬೋರ್ಡಿನ ಮೆಂಬರ. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಚಕ್ಕಡಿ ಹೂಡಿಕೊಂಡು ಬಂದವರೆಲ್ಲ ತಂತಮ್ಮ ಗುರುಲಿಂಗಪ್ಪನನ್ನು ನೆನೆದು ಅಳುತ್ತಿದ್ದರು. ಮಸಗುಪ್ಪಿಯವರಿಗೆ ಅವನು ಹೊಳೆಗೆ ನಾವೆ ತರಿಸಿಕೊಟ್ಟವನು. ಮತ್ತೊಬ್ಬಳಿಗೆ ಮಗನನ್ನು ಜೇಲಿನಿಂದ ಬಿಡಿಸಿ ತಂದವನು. ಒಬ್ಬೊಬ್ಬರೂ ಅದನ್ನು ಹೆಸರಿಸಿ ಹೆಸರಿಸಿ ಹಾಡಿಕೊಂಡು ಅಳುತ್ತಿದ್ದರು. ತಾನು ಏನನ್ನು ಹೆಸರಿಸಿ ಅಳಬೇಕೋ ಕಾಶೆವ್ವನಿಗೆ ತಿಳಿಯಲಿಲ್ಲ.

ಹೊರಗೆ ಬಿದಿರು ಸೀಳಿ, ಹೆಣ ಕೂಡಿಸಿ ಹೊರುವ ವಿಮಾನ ಕಟ್ಟುತ್ತಿದ್ದರು. ಗೋಕಾಕದ ಹತ್ತಿ ವ್ಯಾಪಾರಿ ಮಾಲಿಂಗಪ್ಪ ತಲೆಯ ಪಟಗ ತೆಗೆದು ಕೈಯಲ್ಲಿ ಹಿಡಿದು ಒಳಗೆ ಬಂದ.

“ಅವ್ವಾರ, ಗೋಕಾಕದಾಗ ರಸ್ತಾ ಬಾಜೂಕ ಕುಣಿ ತಗಸೇವ್ರಿ. ಎಲ್ಲಾ ಕಡಿ ಮಂದಿಗೂ ಬಂದ ಹೋಗಾಕ ಸಮೀಪ ಆಗ್ತೈತಿ.”

“ನಮ್ಮ ಹೊಲದಾಗ ಮಾವಾರ ಗದ್ದಿಗಿ ಐತಿ. ಅದರ ಮಗ್ಗಲಕ ಆಗ್ಬೇಕು.”

“ಹಂಗಲ್ರಿ ಅವ್ವಾರ. ಅವರು ಬರೇ ಮನಿ ಮನುಷ್ಯಾ ಅಲ್ಲ, ಮಂದಿ ಮನುಷ್ಯಾ.”

*

ಹಿಂದಿನ ವರ್ಷ ಹೋಳಿ ಹುಣ್ಣಿಮೆಗೆ ಗುರುಲಿಂಗಪ್ಪ ಮುಂಬಯಿಯಿಂದ ಬಂದಿದ್ದ. ಕಾಶೆವ್ವ ಹೂರಣ ಅರೆದು ಹೋಳಿಗೆ ಮಾಡಿದ್ದಳು. ಮೊದಲ ತುತ್ತು ಮುರಿದಿದ್ದನೋ ಇಲ್ಲವೋ, ಅಂಗಳದಲ್ಲಿ ಯಾರೋ ಕೆಮ್ಮಿದರು. ಕಣಗಲಾ ಊರಿನ ಹರಿಜನ ಕೇರಿಯವರು. ಕೇರಿಗೆ ಮಂಜೂರಾದ ಬಾವಿಯ ಕೆಲಸವನ್ನು ಊರ ಹಿರಿಯರು ನಿಲ್ಲಿಸಿದ್ದರು. ಅವನು ಗಂಗಾಳದಲ್ಲೇ ಕೈತೊಳೆದು ಎದ್ದ. ತುಪ್ಪ ಸುರಿದ ಹೋಳಿಗೆಯ ಮೇಲೆ ಆ ನೀರು ಹರಿದಾಡಿತು.

ಎಂಟು ದಿನ ಬಿಟ್ಟು ಬಂದ. ಮುಖದ ತುಂಬ ಧೂಳು, ಧೂಳಿನ ತುಂಬ ನಗು.

“ಕಣಗಲಾದ ಬಾಂವ್ಯಾಗ ನೀರ ಬಿತ್ತು! ಆ ಸೀತವ್ವ ಮೊದಲನೇ ಕೊಡಾ ಸೇದಿ ನನಗ ಕುಡಿಸಿದ್ಲು. ಎಂಥಾ ಸಿಹಿ ನೀರಂತಿ!”

ಅವನಿಗೆ ಕೊಡಲೆಂದು ಕಾಶೆವ್ವ ತುಂಬಿದ ತಂಬಿಗೆ ಹಿಡಿದು ನಿಂತಿದ್ದಳು. ಈ ಮನೆಗೆ ಬಂದಂದಿನಿಂದ ಅವಳು ಹೊಳೆಯಿಂದ ಹೊತ್ತು ತರುತ್ತಿದ್ದ ನೀರು. ಸಿಹಿಯೋ ಸಪ್ಪೆಯೋ, ಅವನು ಒಮ್ಮೆಯೂ ಅಂದದ್ದಿಲ್ಲ. ಅವಳು ತಂಬಿಗೆಯನ್ನು ಹೊಸ್ತಿಲಾಚೆ ಬಗ್ಗಿಸಿದಳು.

“ಯಾಕ ಚೆಲ್ಲಿದಿ?”

“ಸಿಹಿ ಕುಡದ ಬಂದೀರಿ. ಇದ್ಯಾಕ ಮತ್ತ?”

ಅವನು ನಕ್ಕುಬಿಟ್ಟ. “ಹುಚ್ಚಿ, ಅವರಿಗಿ ಯಾರ ಅದಾರ? ನಿನಗ ನಾ ಅದೇನಿ.”

ಹಾಗೆಂದು ಮರುದಿನ ಮತ್ತೆ ಚಕ್ಕಡಿ ಏರಿದ. ಕಾಣದ ಆ ಸೀತವ್ವನನ್ನು ಕಾಶೆವ್ವ ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ ಮನಸ್ಸಿನಲ್ಲೇ ತಿದ್ದಿ ತೀಡಿ ಚೆಲುವೆ ಮಾಡಿದಳು. ಮೂಗುತಿ ಇಟ್ಟಳು, ತುಂಬುಗೈ ಬಳೆ ತೊಡಿಸಿದಳು, ಆಮೇಲೆ ಹಲ್ಲು ಕಚ್ಚಿದಳು.

*

ಭಜನೆಯವರು ತಾಳ ಹಿಡಿದರು. ಗುರುಲಿಂಗಪ್ಪ ಹೂವಿನ ವಿಮಾನದಲ್ಲಿ ಕುಳಿತ. ಹೆಗಲು ಕೊಟ್ಟವರು ಗೋಕಾಕದ ಕಡೆ ಮುಖ ಮಾಡಿದ್ದೇ ಕಾಶೆವ್ವ ಮುಂದೆ ಹೋಗಿ ಬಿದಿರು ಹಿಡಿದಳು.

“ಉಣ್ಣಾಕ ಕುಂತವರನ್ನ ಎಬ್ಬಿಸ್ಕೊಂಡ ಹೋದ್ರಿ, ಕೊಟ್ಟೆ. ಮಲಗಿದವರನ್ನ ಎಬ್ಬಿಸ್ಕೊಂಡ ಹೋದ್ರಿ, ಕೊಟ್ಟೆ. ಈಗ ಕುಂತಾರ, ಇನ್ನ ಏಳೂದಿಲ್ಲ. ಈ ಸಲ ಕೊಡಾಂಗಿಲ್ಲ.”

“ಅವ್ವಾರ, ಹೊತ್ತ ಇಳ್ಯಾಕತ್ತೈತಿ…” ಮಾಲಿಂಗಪ್ಪ ಕೈಮುಗಿದ. ಮೈದುನ ರಾಚಪ್ಪ ತಲೆ ಕೆಳಗೆ ಹಾಕಿದ. ಯಾರೂ ಅವಳ ಕೈ ಬಿಡಿಸಲಿಲ್ಲ. ಯಾರೂ ವಿಮಾನ ತಿರುಗಿಸಲೂ ಇಲ್ಲ.

ಅಂಗಳದಾಚೆ, ಹಾದಿಯ ಅಂಚಿನಿಂದ ಒಂದು ದನಿ ಬಂತು.

“ಬಿಟ್ಟ ಕೊಡ್ರೆಪಾ ಆ ತಾಯಿಗಿ. ನಮ್ಮೆಲ್ಲಾರ ಕೊಡಾ ತುಂಬಿಸಿದವರ ಮನ್ಯಾಗ ಹನಿ ಇಲ್ಲಂದ್ರ ಹೆಂಗ?”

“ಹೌದ್ ಹೌದು, ಖರೆ ಐತಿ,” ಎಂದು ನಾಲ್ಕು ಕಡೆಯಿಂದ ಗುಜುಗುಜು ಎದ್ದಿತು. ವಿಮಾನ ಹೊಲದ ಕಡೆ ತಿರುಗಿತು.

“ಯಾರಕೀ?” ಕಾಶೆವ್ವ ಕೇಳಿದಳು.

“ಕಣಗಲಾದಕೀ. ಸೀತವ್ವ ಅಂತ,” ಎಂದಳು ದುಂಡವ್ವ.

ಬೊಚ್ಚುಬಾಯಿ, ಬರಿಗೈ, ಬಿಸಿಲಿಗೆ ಸುಟ್ಟ ಮುದುಕಿ. ಕಾಶೆವ್ವ ಅವಳಿಂದ ಕಣ್ಣು ಕಿತ್ತುಕೊಂಡಳು. ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ತನ್ನ ಗಂಡನನ್ನು ತನಗೆ ಕೊಡಿಸಲೂ ಅವಳೇ ಬರಬೇಕಾಯಿತೇ?

ಕುಣಿಯಲ್ಲಿ ಕೂಡಿಸಿ ಅಯ್ಯನವರು ಮಂತ್ರ ಹೇಳಿದರು. ಕಾಶೆವ್ವ ಹಾಕಿದ ಹಿಡಿಮಣ್ಣಿನ ಮೇಲೆ ನೂರಾರು ಹಿಡಿ ಬಿದ್ದವು. ತನ್ನದು ಯಾವುದೆಂದು ನೋಡುವಷ್ಟರಲ್ಲಿ ಕುಣಿ ತುಂಬಿತ್ತು.

*

ಹೊತ್ತು ಮುಳುಗುವ ಮುಂದೆ ಮಂದಿ ಕರಗಿತು. ಬದುವಿನ ಮೇಲೆ ಅಷ್ಟು ಜನ ಹಿಡಿಸದೆ ಕಾಳುಗಟ್ಟಿದ ಬಿಳಿಜೋಳದ ನಡುವೆಯೇ ನುಗ್ಗಿದ್ದರು. ರಸ್ತೆಯಿಂದ ಗದ್ದಿಗೆಯ ತನಕ ಚಕ್ಕಡಿ ಹೋಗುವಷ್ಟು ಅಗಲದ ಹಾದಿ ಬಿದ್ದಿತ್ತು.

“ಇರ್ಲಿ ಬಿಡ ವೈನಿ,” ಎಂದ ರಾಚಪ್ಪ. “ನಾಳಿಂದ ಮಂದಿ ಬರೂದ ಐತಿ. ಹಾದಿ ಬೇಕಾಗ್ತೈತಿ.”

“ನೀವು ಮುಂದ ನಡೀರಿ.”

ಅವರು ಮರೆಯಾದ ಮೇಲೆ ಕಾಶೆವ್ವ ರಸ್ತೆಯ ಬದಿಗೆ ಬಂದು ಕಚ್ಚೆ ಬಿಗಿದಳು. ಮುರಿಯದ ದಂಟುಗಳನ್ನು ಹುಡುಕಿ ಎತ್ತಿ, ನಾಲ್ಕಾರು ಕೂಡಿಸಿ, ಅದರದೇ ಗರಿಯಿಂದ ಕಟ್ಟಿ ನಿಲ್ಲಿಸತೊಡಗಿದಳು. ಒಂದು ನಿಂತರೆ ಇನ್ನೊಂದು ಮಲಗುತ್ತಿತ್ತು.

ರಸ್ತೆಯಲ್ಲಿ ಒಂದು ಚಕ್ಕಡಿ ನಿಂತಿತು. ಹೂವಿನ ಬುಟ್ಟಿ ಹಿಡಿದು ಹೆಂಗಸರು ಇಳಿದರು.

“ಯಕ್ಕಾ, ನಾವು ಹುಕ್ಕೇರಿಯವರು. ಎತ್ತ ಕುಂಟಿ ತಡಾ ಆತು. ಮೆಂಬರ ಸಾಹೇಬರ ಮಣ್ಣ ಎಲ್ಲಿ ಆತ್ರಿ?”

“ಇತ್ತಾಗ ಹಾದಿ ಇಲ್ಲ,” ಎಂದಳು ಕಾಶೆವ್ವ, ತಲೆ ಎತ್ತದೆ.

ಹಿರಿಯಳೊಬ್ಬಳು ಹತ್ತಿರ ಬಂದಳು.

“ಅಯ್ಯ ಶಿವನ, ಕಾಳ ಕಟ್ಟಿದ ಬೆಳಿ ಹೆಂಗ ತುಳದಾರ ನೋಡ್! ನಿಂದೇನವಾ ಈ ಹೊಲಾ? ಸಾಹೇಬರ ಇದ್ದಿದ್ರ ಅವರ ಮುಂದ ಹೇಳ್ಕೋಬಹುದಿತ್ತು ತಂಗಿ. ಖುದ್ದ ಬಂದ ನೋಡ್ತಿದ್ರು.”

ಬುಟ್ಟಿ ಕೆಳಗಿಟ್ಟು, ಸೆರಗು ಸಿಗಿಸಿ, ಎದುರಿನಿಂದ ಅವಳೂ ದಂಟು ಎತ್ತತೊಡಗಿದಳು. ಉಳಿದವರೂ ಬಗ್ಗಿದರು.

“ಹಿಂಗ ಹಿಡಿ. ಗಟ್ಟಿ ಹಿಡಿ. ನಾ ಕಟ್ತೇನಿ.”

ಕಾಶೆವ್ವ ದಂಟುಗಳನ್ನು ಎದೆಗವಚಿ ಹಿಡಿದಳು. ಆ ಹೆಂಗಸು ಬಿಗಿಯಾಗಿ ಗಂಟು ಹಾಕಿ, ಪಕ್ಕದಲ್ಲಿ ಮತ್ತೊಂದು ಕಟ್ಟು ನಿಲ್ಲಿಸಿ, ಅದರ ಪಕ್ಕದಲ್ಲಿ ಇನ್ನೊಂದು ನಿಲ್ಲಿಸಿದಳು. ತೆನೆಗಳ ಆಚೆ ಅವಳ ಮುಖ ಕಾಣದಾಯಿತು. ಕೈಗಳಷ್ಟೇ ಮುಚ್ಚಿಹೋಗುತ್ತಿದ್ದ ಹಾದಿಯ ಕೊನೆಯ ಸಂದಿನಲ್ಲಿ ಆಡುತ್ತಿದ್ದವು.