ಕೊಳವೆ ತೊಳೆಯುವ ಪಾಠ

ಕೆಂಪು ಇಂಕಿನ ಸುತ್ತು ಇನ್ನೂ ಒಣಗಿಲ್ಲ, ಮುಟ್ಟಿದ್ರೆ ಬೆರಳಿಗೆ ಹತ್ತುತ್ತೆ, ಯಂತ್ರ ಗೀಚಿದ ಚಾರ್ಟಿನ ಮೇಲೆ ಒಂದು ಉಬ್ಬಿಗೆ ಸುತ್ತು ಹಾಕಿ ನಮ್ಮ ಗೈಡ್ ಸರ್ ಅಂದಿದ್ದು ಇಷ್ಟೇ, ಇದು ಟಾಲ್ಯೂಯಿನ್, ಹಳೇ ದ್ರಾವಕದ ಕೊಳೆ, ಕೊಳವೆ ನೆಟ್ಟಗೆ ತೊಳೆದಿಲ್ಲ ನೀನು — ತೊಳೆದಿಲ್ವಂತೆ, ಅಂಗೈ ಚರ್ಮ ಕಿತ್ತು ಬರೋ ಹಾಗೆ ತೊಳೆದವಳು ನಾನು, ಆ ಟಾಲ್ಯೂಯಿನ್ ಬೇಕಂತಲೇ ಹಾಕಿದ್ದು ಮಾರಾಯರೇ, ಒಂದು ಹನಿ, ನೀವೇ ಕಲಿಸಿದ್ದು, ವಿಕಿರಣ ಸೂಸೋ ಟಾಲ್ಯೂಯಿನ್ ಅಣುಗಳು ಕಣ್ಣಿಗೆ ಕಾಣದಷ್ಟು ಕಮ್ಮಿ, ಅವು ಯಾವಾಗ ಹೊರಬರುತ್ತವೆ ಅಂತ ತಿಳಿಯೋಕೆ ಸಾದಾ ಟಾಲ್ಯೂಯಿನನ್ನೂ ಜೊತೆಗೆ ಕಳಿಸಬೇಕು ಅಂತ, ಮೇಲಿನ ಗೆರೆ ಆ ಸಾದಾದ್ದು, ಕೆಳಗಿನ ಗೆರೆ ನೋಡಿ, ವಿಕಿರಣ ಎಣಿಸೋ ಗೆರೆ, ಅಲ್ಲೂ ಅದೇ ಜಾಗದಲ್ಲಿ ಉಬ್ಬಿದೆ, ಕೊಳೆ ಎಲ್ಲಾದ್ರೂ ವಿಕಿರಣ ಸೂಸುತ್ತಾ, ಆದ್ರೆ ಕೆಳಗೆ ನೋಡೋ ವ್ಯವಧಾನ ಯಾರಿಗಿದೆ, ಅಮ್ಮನಿಗೆ ಫೋನಲ್ಲಿ ಹೇಳಿದ್ದೆ, ಕಿರಣ ಬಡಿದಾಗ ಬೆಂಜೀನಿನ ಒಂದು ಇಂಗಾಲದ ಪರಮಾಣು ಕಟ್ಟು ಹರಿದು ಹಾರುತ್ತಮ್ಮ, ಹೋಗಿ ಇನ್ನೊಂದು ಬೆಂಜೀನ್ ಉಂಗುರಕ್ಕೆ ಗುದ್ದುತ್ತೆ, ಕೆಲವು ಅಲ್ಲಿದ್ದ ಪರಮಾಣುವನ್ನೇ ಎಬ್ಬಿಸಿ ಆ ಜಾಗದಲ್ಲಿ ಕೂರುತ್ವೆ, ಕೆಲವು ಬಾಲದ ಹಾಗೆ ಅಂಟಿಕೊಂಡು ಟಾಲ್ಯೂಯಿನ್ ಆಗುತ್ವೆ, ಮಿಕ್ಕಿದ್ದೆಲ್ಲ ಅಂಟು ಡಾಂಬರು, ಅಮ್ಮ ಅಂದಳು, ಬಸ್ಸಲ್ಲಿ ನಿಮ್ಮ ಚಿಕ್ಕಪ್ಪ ಮಾಡೋದೂ ಅದೇ ಅಲ್ವೇನೇ, ಇದಕ್ಕೆ ಐದು ವರ್ಷ ಓದ್ಬೇಕಾ — ಅವಳಿಗೆ ಅರ್ಥ ಆಯ್ತು, ಇವರಿಗೆ ಆಗ್ಲಿಲ್ಲ.

ಇರಲಿ, ಇನ್ನೊಂದು ಸಲ ಓಡಿಸಿ ಮುಖಕ್ಕೆ ಹಿಡೀತೀನಿ, ಒಂದೇ ಸಲದ ಉಬ್ಬು ಯಾರೂ ನಂಬಲ್ಲ, ಕಿರಣ ಬಡಿದ ಬೆಂಜೀನಿನಲ್ಲಿ ಉಳಿದರ್ಧ ಸೀಸದ ಡಬ್ಬಿಯೊಳಗೆ ಕೊಳವೆಯಲ್ಲಿದೆ, ಇಪ್ಪತ್ತು ನಿಮಿಷಕ್ಕೆ ವಿಕಿರಣ ಅರ್ಧ ಸಾಯೋ ಸರಕು, ಕಿರಣದ ಯಂತ್ರ ನಾಳೆಯಿಂದ ರಿಪೇರಿಗೆ, ಒಂದು ವರ್ಷವಂತೆ, ಅಷ್ಟರಲ್ಲಿ ನನ್ನ ಪಿಎಚ್‌ಡಿ ಅವಧಿಯೇ ಮುಗಿದಿರುತ್ತೆ, ಇವತ್ತು ಬಿಟ್ರೆ ಗೋವಿಂದ, ಚಾರ್ಟಿನ ಯಂತ್ರದ ಈ ಹಾಳು ಓವನ್ನು ತಣ್ಣಗಾಗದೆ ಮುಂದಿನ ಸುತ್ತು ಓಡಲ್ಲ, ಬೇಗ ತಣ್ಣಗಾಗಬಾರದಾ, ತೊಂಬತ್ತು ಡಿಗ್ರಿ, ಎಂಬತ್ತೆಂಟು, ಇಳಿಯೇ ಮಾರಾಯ್ತಿ, ಎಂಬತ್ತೇಳು — ಹಿಂದೆ ನಲ್ಲಿ ಸದ್ದು, ಯಾರು ನಲ್ಲಿ ಬಿಟ್ಟಿದ್ದು, ಸರ್ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತಿದ್ದಾರೆ, ಬಾಮ್ಮ ಇಲ್ಲಿ, ಒಂದ್ಸಲ ನಾನೇ ತೋರಿಸಿಕೊಡ್ತೀನಿ, ಆಮೇಲೆ ಜನ್ಮದಲ್ಲಿ ಮರೀಬಾರದು, ಕೈಯಲ್ಲಿ ಬ್ರಷ್ಷು, ಇನ್ನೊಂದು ಕೈಯಲ್ಲಿ, ಅಯ್ಯೋ ಸೀಸದ ಡಬ್ಬಿ ಬಾಯಿ ತೆರೆದಿದೆ, ಸರ್ ಅದು ಬೇಡ ಸರ್, ಅದರಲ್ಲಿ — ಕಲಿಯೋಕೆ ನಾಚಿಕೆ ಯಾಕಮ್ಮ, ನಾನೂ ನಿನ್ನ ಹಾಗೇ ಇದ್ದೆ, ಮೊದಲು ಒಳಗಿನ ಗಲೀಜು ಚೆಲ್ಲಬೇಕು, ಚೆಲ್ಲಿಬಿಟ್ರು, ಆಮೇಲೆ ಅಸಿಟೋನ್, ಆಮೇಲೆ ನೀರು, ಹೀಗೆ ತಿರುಗಿಸಿ ತಿರುಗಿಸಿ, ಸಿಂಕಿನ ಪಕ್ಕದ ಗೈಗರ್, ವಿಕಿರಣ ಕಂಡ್ರೆ ಕೂಗೋ ಪೆಟ್ಟಿಗೆ, ಕಟಕಟ ಕಟಕಟ ಬಡ್ಕೊಳ್ತಿದೆ, ಈ ಪೆಟ್ಟಿಗೆಗೆ ಏನು ಬಂತು, ಹೋದ ವಾರದಿಂದ ಸುಮ್‌ಸುಮ್ನೆ ಕೂಗುತ್ತೆ, ಅದನ್ನ ಆರಿಸು ಅಂತಾರೆ, ನನ್ನ ಐದು ವರ್ಷ ಕೂಗ್ತಿದೆ ಅಲ್ಲಿ, ನೀರು ಹರೀತಾನೇ ಇದೆ, ಕಿಟಕಿ ಬೆಳಕಿಗೆ ಕೊಳವೆ ಎತ್ತಿ ಹಿಡಿದಿದ್ದಾರೆ, ನೋಡು, ತೊಳೆಯೋದು ಅಂದ್ರೆ ಹೀಗೆ, ಎರಡೇ ಬೆರಳಲ್ಲಿ ಹಿಡಿದು ತಿರುಗಿಸ್ತಿದ್ದಾರೆ, ಒಂದು ಕಲೆಯಿಲ್ಲ, ಒಂದು ಹನಿಯಿಲ್ಲ, ಬೆಳಕಲ್ಲಿ ಕೊಳವೆ, ಕೆಳಗೆ ಕಟಕಟ, ಬೆಳಕಲ್ಲಿ ಕೊಳವೆ, ಖಾಲಿ, ಫಳಫಳ ಹೊಳೀತಿರೋ ಕೊಳವೆ —