ಯಜಮಾನರಿಗೂ ಒಂದು ಗ್ಲಾಸು

ಅವನು ದೊಡ್ಡ ಹೋಟೆಲೊಂದರ ಬಾರಿನಲ್ಲಿ ಗ್ಲಾಸು ತುಂಬಿಸುತ್ತಲೇ ಆಯುಷ್ಯ ಸವೆಸಿದವನು. ಅವಳು ರೈಲ್ವೆಯ ಟಿಕೆಟ್ ಕಿಟಕಿಯಲ್ಲಿ ಕೂತು ನಿವೃತ್ತಳಾದವಳು. ಮಕ್ಕಳಿರಲಿಲ್ಲ. ಅವಳನ್ನು ಅವನು ಕರೆಯುತ್ತಿದ್ದುದೇ 'ಮಹಾರಾಯ್ತಿ' ಎಂದು. ಕಳೆದ ವರ್ಷದಿಂದ ಅವನ ನೆನಪು ಕೈಕೊಡತೊಡಗಿತ್ತು. ಮೊದಲು ಕನ್ನಡಕ, ಬೀಗದ ಕೈ. ಆಮೇಲೆ ಮನೆಯ ದಾರಿ. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ.

"ಎಲ್ಲಿಗಾದ್ರೂ ಕರ್ಕೊಂಡು ಹೋಗ್ಬೇಕು ಅಂತಿದ್ರೆ ಈಗ್ಲೇ ಹೋಗ್ಬಿಡಿ ಅಮ್ಮ. ಮುಂದಕ್ಕೆ ಹಾಕ್ಬೇಡಿ."

ಅವನಿಗಿದ್ದ ಆಸೆ ಒಂದೇ. ಹದಿನೆಂಟು ವರ್ಷ ಪೀಪಾಯಿಯಲ್ಲಿ ಮಾಗಿದ ಜಪಾನಿ ವಿಸ್ಕಿಯನ್ನು ಅವನು ಅದೆಷ್ಟೋ ಸಾಹುಕಾರರ ಮುಂದೆ ಇಟ್ಟಿದ್ದ. ಒಂದು ದಿನ ಆರಾಮಾಗಿ ಕೂತು, ಹೆಂಡತಿಯ ಜೊತೆ ತಾನೂ ಅದನ್ನು ಕುಡಿಯಬೇಕು. ಸಮುದ್ರದಾಚೆಯ ಬಂದರು ಪಟ್ಟಣವೊಂದರಲ್ಲಿ ಅದು ಇನ್ನೂ ಸಿಗುತ್ತದೆಂದು ಯಾರೋ ಹೇಳಿದರು. ಅವಳು ಟಿಕೆಟ್ ಮಾಡಿಸಿಯೇ ಬಿಟ್ಟಳು.

ಮೊದಲ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದರ ಡಬ್ಬಗಳು ಸಾಲಾಗಿ ನಿಂತಿದ್ದವು. ಅವಳ ಮುಖ ಅರಳಿತು. ಅಂಗಡಿಯವನು ಒಂದನ್ನು ತೆಗೆದು ತಲೆಕೆಳಗು ಮಾಡಿ ಅಲ್ಲಾಡಿಸಿದ. ಒಳಗೆ ಏನೂ ಇರಲಿಲ್ಲ. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದ:

"ಬರೀ ಶೋಗೆ ಇಟ್ಟಿರೋದು ಮೇಡಂ. ಮಾಲು ಬಂದ ದಿನಾನೇ ಖಾಲಿ. ಕುಡಿಯೋಕಲ್ಲ, ಬೆಲೆ ಏರ್ಲಿ ಅಂತ ತಗೊಂಡು ಒಳಗಿಟ್ಕೋತಾರೆ."

"ನೋಡೇ ಮಹಾರಾಯ್ತಿ," ಎಂದು ಅವನು ನಕ್ಕ, "ಅದಕ್ಕೂ ವಯಸ್ಸಾಗುತ್ತೆ, ನನಗೂ ವಯಸ್ಸಾಗುತ್ತೆ. ಬೆಲೆ ಮಾತ್ರ ನಂದು ಇಳೀತಾ ಇದೆ."

ಎರಡನೆಯ ಅಂಗಡಿಯಲ್ಲಿ ವಯಸ್ಸೇ ನಮೂದಿಸದ ಎಳೆಯ ವಿಸ್ಕಿ ತೋರಿಸಿದರು. ಮೂರನೆಯದಕ್ಕೆ ಬಾಗಿಲು ಹಾಕಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅವನು ರಸ್ತೆಯ ನಡುವೆಯೇ ನಿಂತುಬಿಟ್ಟ.

"ನಾವು ಏನು ಹುಡುಕ್ತಾ ಇದೀವಿ?"

"ವಿಸ್ಕಿ ಕಣ್ರೀ. ನಿಮಗೆ."

"ನನಗೆ ಯಾಕೆ?"

ಅವಳು ಅವನ ತೋಳು ಹಿಡಿದು ನಡೆಸಿದಳು.

ಮೀನುಬಲೆ ಮಾರುವ ಓಣಿಯ ಕೊನೆಯಲ್ಲಿ ಇಕ್ಕಟ್ಟಾದ ಅಂಗಡಿಯೊಂದಿತ್ತು. ಅಲ್ಲಿದ್ದ ಮುದುಕಿ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ, "ಒಂದಿದೆ. ನಮ್ಮೆಜಮಾನ್ರು ತೆಗೆದಿಟ್ಟಿದ್ದು. ಅವರೇ ಇಲ್ಲ, ಇನ್ನು ಇದ್ಯಾಕೆ?" ಎನ್ನುತ್ತ ಬೀರು ತೆರೆದಳು.

ಬಾಟಲಿ ಕೈಗೆ ಬಂದದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು. ಅದನ್ನು ಬೆಳಕಿಗೆ ಹಿಡಿದು ಮೆಲ್ಲನೆ ಓರೆ ಮಾಡಿದ. "ವಿಸ್ಕಿ ಮಟ್ಟ ಬಾಟ್ಲಿ ಕತ್ತಿನ ಹತ್ರಾನೇ ಇದೆ, ನೋಡು. ಒಂಚೂರೂ ಆರಿಲ್ಲ. ಗ್ಲಾಸಿಗೆ ಹಾಕಿದ ಕೂಡ್ಲೇ ಮೂಗಿಟ್ಟುಬಿಡಬಾರ್ದು, ಸ್ವಲ್ಪ ಹೊತ್ತು ಬಿಡ್ಬೇಕು. ಮೊದಲು ಒಣದ್ರಾಕ್ಷಿ ವಾಸನೆ ಬರುತ್ತೆ. ಆಮೇಲೆ ಅಜ್ಜಿ ಕಾಲದ ಮರದ ಪೆಟ್ಟಿಗೆ ತೆಗೆದ ಹಾಗೆ..." ಇಷ್ಟುದ್ದ ಮಾತನ್ನು ಅವನು ಆಡಿ ತಿಂಗಳುಗಳೇ ಆಗಿದ್ದವು. ಅವಳಿಗೆ ಡಾಕ್ಟರು ಹೇಳಿದ್ದೆಲ್ಲ ತಪ್ಪೇ ಇರಬಹುದೆಂದು ಒಂದು ಗಳಿಗೆ ಅನ್ನಿಸಿತು. ಬೆಲೆಯನ್ನು ಎರಡು ಸಲ ಕೇಳಿ ಕಾರ್ಡು ಚಾಚಿದಳು.

ತಂಗಿದ್ದ ಕೋಣೆಗೆ ಮರಳಿ, ಕಿಟಕಿಯ ಪಕ್ಕದ ಮೇಜಿಗೆ ಎರಡು ಕುರ್ಚಿ ಎಳೆದು, ಸ್ನಾನದ ಮನೆಯಿಂದ ಗ್ಲಾಸುಗಳನ್ನು ತಂದಳು.

ಅವನು ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಟವೆಲಿನಿಂದ ಫಳಫಳ ಒರೆಸಿದ. ಬಿರಡೆ ಬಿಚ್ಚಿ ಒಂದಕ್ಕೆ ಮಾತ್ರ ಸುರಿದ. ಒಂದು ಹನಿ ಆಚೆ ಬೀಳಲಿಲ್ಲ. ಅದನ್ನು ಅವಳ ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

"ಐಸ್ ಬೇಕಾ ಮೇಡಂ?"

ತಮಾಷೆಯಿರಬೇಕೆಂದು ಅವಳು ನಕ್ಕಳು. ಅವನು ನಗಲಿಲ್ಲ.

"ರೀ, ಕೂತ್ಕೊಳ್ಳಿ. ನೀವೂ ಹಾಕ್ಕೊಳ್ಳಿ."

"ಡ್ಯೂಟಿ ಟೈಮಲ್ಲಿ ನಾವು ಕುಡಿಯೋ ಹಾಗಿಲ್ಲ ಮೇಡಂ."

"ನಿಮ್ಮ ಡ್ಯೂಟಿ ಮುಗೀತು ಕಣ್ರೀ! ನೀವು ರಿಟೈರ್ ಆಗಿದೀರಿ. ನಾನು ನಿಮ್ಮ ಹೆಂಡ್ತಿ. ಮಹಾರಾಯ್ತಿ!"

ಅಮಲೇರಿದ ಗಿರಾಕಿಗಳು ಹೀಗೆಲ್ಲ ಮಾತಾಡುವುದನ್ನು ಅವನು ಬೇಕಾದಷ್ಟು ಕಂಡಿದ್ದ. ಬೇಸರಿಸದೆ, ಸೌಜನ್ಯದಿಂದ ಮುಗುಳ್ನಕ್ಕ. ಅವಳು ಗ್ಲಾಸನ್ನು ಅವನ ತುಟಿಗೆ ಹಿಡಿದಾಗ ಮುಖ ತಿರುಗಿಸಿ, "ದಯವಿಟ್ಟು ಬೇಡ ಮೇಡಂ, ಮ್ಯಾನೇಜರು ನೋಡ್ತಾರೆ," ಎಂದ. ಅವಳು ಗ್ಲಾಸನ್ನು ತನ್ನ ಕಡೆಗೆ ಎಳೆದುಕೊಂಡಳು.

ಹುಟ್ಟಿದಾಗಿನಿಂದ ಹೆಂಡ ಮುಟ್ಟದವಳು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಎದೆಯವರೆಗೂ ಉರಿಯಿತು.

"ಹೇಗಿದೆ ಮೇಡಂ?"

"ಚೆನ್ನಾಗಿದೆ."

"ಒಬ್ಬರೇ ಬಂದಿದೀರಾ?"

"ಇಲ್ಲ. ನಮ್ಮ ಯಜಮಾನರ ಜೊತೆ."

"ಹೌದಾ? ಹಾಗಾದ್ರೆ ಅವರಿಗೂ ಒಂದು ಗ್ಲಾಸು ಹಾಕಿಟ್ಟಿರ್ಲಾ? ಬರೋಷ್ಟರಲ್ಲಿ ಹದವಾಗಿರುತ್ತೆ."

"ಹಾಕಿಡಿ," ಎಂದಳು.

ಅವನು ಎರಡನೆಯ ಗ್ಲಾಸಿಗೂ ಅಷ್ಟೇ ಅಳತೆಯಲ್ಲಿ ಸುರಿದು, ಖಾಲಿ ಕುರ್ಚಿಯ ಮುಂದಿಟ್ಟು ಬಾಗಿಲ ಕಡೆ ನೋಡುತ್ತ ನಿಂತ. ಕಾಲು ನೋಯುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಆದರೂ ಕೂರಲಿಲ್ಲ. ಕೊನೆಗೆ ಅವಳೇ, "ಬಾರ್ ಮುಚ್ಚಿಬಿಡಿ, ಅವರು ಇವತ್ತು ಬರಲ್ಲ," ಎಂದ ಮೇಲೆ ದೀಪ ಆರಿಸಿ ಮಲಗಿದ.

ಬೆಳಿಗ್ಗೆ ಅವಳು ಆ ಗ್ಲಾಸನ್ನು ಬೇಸಿನ್ನಿಗೆ ಸುರಿದು ನಲ್ಲಿ ಬಿಟ್ಟಳು. ಅವನು ಆಗಲೇ ಎದ್ದು ತಲೆ ಬಾಚಿಕೊಂಡು, ಅವಳ ಪೆಟ್ಟಿಗೆಯನ್ನು ಬಾಗಿಲ ಬಳಿ ತಂದಿಟ್ಟಿದ್ದ.

"ನಿಮ್ಮ ಯಜಮಾನ್ರು ಕೆಳಗಿದಾರಾ ಮೇಡಂ?"

"ಹೂಂ," ಎಂದಳು. ಮತ್ತೆ ವಾದ ಮಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಮೆಟ್ಟಿಲ ಬಳಿ ಅವನು ಅವಳ ಮೊಣಕೈಗೆ ಮೆಲ್ಲನೆ ಆಸರೆ ಕೊಟ್ಟ. ಮುಖ ಪರಿಚಯವಿಲ್ಲದ ಮುದುಕಿಯೊಬ್ಬಳನ್ನು ಜೋಪಾನವಾಗಿ ಕೆಳಗಿಳಿಸುವಂತೆ, ಒಂದೊಂದೇ ಮೆಟ್ಟಿಲು ಇಳಿಸತೊಡಗಿದ.